ನಲವತ್ತೊಂದನೇ ಬೊಂತೆಯ ಕಪ್ಪು ಚುಕ್ಕೆ ಕುರಿತು ತಪಾಸಣೆ ಯಂತ್ರಕ್ಕೆ

ರಾಬರ್ಟ್‌ಸನ್‌ಪೇಟೆ, ಗುರುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಬೆಳಿಗ್ಗೆ ನಲ್ಲಿಯಲ್ಲಿ ಬೇತಮಂಗಲದ ನೀರು ಬಂತು, ಹಗಲಿಡೀ ಕೂತು ಎರಡು ಮೂಲೆ ಹೊಲಿದೆ, ಮಧ್ಯಾಹ್ನ ಮೂರಕ್ಕೆ ತಾವು ಮೂರನೇ ಮೇಜಿನ ಸೆಲ್ವಿಯ ಕಾರ್ಡಿಗೆ ಬೀಗ ಹಾಕಿದಿರಿ.

ಮಾನ್ಯ ತಪಾಸಣೆ ಯಂತ್ರದವರೇ, ನಿದ್ದೆಯಿಲ್ಲದವರೇ, ರೆಪ್ಪೆಯಿಲ್ಲದವರೇ, ಒಂದೇ ಕಣ್ಣಿನಲ್ಲಿ ಹನ್ನೊಂದು ಹೆಂಗಸರನ್ನು ಕಾಯುತ್ತಿರುವ ಮಹನೀಯರೇ, ತಮಗೆ ನಾಲ್ಕನೇ ಮೇಜಿನ ಕದಿರಮ್ಮ ಮಾಡುವ ಅನಂತ ನಮಸ್ಕಾರಗಳು. ತಮ್ಮ ಕ್ಯಾಮೆರಾದ ಗಾಜು ಕ್ಷೇಮವೆಂದೂ, ಹೊಟ್ಟೆಯೊಳಗಿನ ಸಾಫ್ಟ್‌ವೇರ್ ಆರೋಗ್ಯವಾಗಿದೆಯೆಂದೂ ನಂಬಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ, ನಮ್ಮ ಕೆಲಸ ತಿಳಿಯದವರಿಗಾಗಿ ಎರಡು ಮಾತು. ಮನುಷ್ಯರನ್ನು ಕೂರಿಸಿಕೊಂಡು ಬಾಹ್ಯಾಕಾಶಕ್ಕೆ ಹೋಗುವ ಗೂಡು ಭೂಮಿಗೆ ವಾಪಸು ಬರುವಾಗ, ಗಾಳಿಯನ್ನು ಸೀಳಿ ಬರುವ ರಭಸಕ್ಕೆ ಸುತ್ತಲೂ ಬೆಂಕಿಯಂಥ ಕಾವು ಏಳುತ್ತದೆ. ಅದರ ಬುಡಕ್ಕೆ ಅಂಟಿಸುವ ದಪ್ಪ ಹಲಗೆಗಳು ಬೇರೆ ಊರಿನಲ್ಲಾಗುತ್ತವೆ. ಪಕ್ಕದ ಗೋಡೆಗೆ ಹೊದಿಸುವ ಬಿಳಿ ಹೊದಿಕೆ ನಮ್ಮ ಘಟಕದಲ್ಲಾಗುತ್ತದೆ. ಗಾಜಿನ ನೂಲಿನ ಎರಡು ಬಟ್ಟೆ, ನಡುವೆ ಹತ್ತಿಯಂಥ ನಾರು, ಮೇಲೆ ಹೊಲಿಗೆ. ನೇರ ಸಾಲನ್ನು ಮಿಷನ್ ಹೊಲಿಯುತ್ತದೆ, ಬಾಗಿದ ಮೂಲೆಗೆ ಕೈಯೇ ಬೇಕು. ಹಳೆಯ ಸೀರೆಗಳನ್ನು ಸೇರಿಸಿ ಬೊಂತೆ, ಅಂದರೆ ಕೌದಿ, ಹೊಲಿದು ಕೈ ಪಳಗಿದ ನಮ್ಮನ್ನು ಮನೆ ಮನೆಗೆ ಬಂದು ಕರೆದದ್ದು ಅದಕ್ಕೇ. ಓದಿದವರು ಇದಕ್ಕೆ ಉಷ್ಣ ಕವಚ ಎನ್ನುತ್ತಾರೆ. ನಾವು ಇದನ್ನೂ ಬೊಂತೆ ಎಂದೇ ಕರೆಯುತ್ತೇವೆ.

ಹೊಲಿದ ಪ್ರತಿ ಬೊಂತೆಯೂ ತಮ್ಮ ಕಣ್ಣಿನ ಕೆಳಗೆ ಹಾಯಬೇಕು. ತಮ್ಮ ಚುರುಕನ್ನು ಎಷ್ಟು ಹೊಗಳಿದರೂ ಸಾಲದು. ಇರುವೆಯ ಕಾಲಿನ ಗುರುತನ್ನು ಕಂಡಿರಿ. ಅರ್ಧ ಗೆರೆ ಓರೆಯಾದ ಹೊಲಿಗೆಯನ್ನು ಕಂಡಿರಿ. ವರಲಕ್ಷ್ಮಮ್ಮ ಮೂರು ಮೇಜಿನಾಚೆ ಸೀನಿದ್ದನ್ನು ಇಪ್ಪತ್ತೆಂಟನೇ ಬೊಂತೆಯ ಮೇಲೆ ಕಂಡುಹಿಡಿದು ಕೆಂಪು ದೀಪ ಹಾಕಿದಿರಿ. ಅಂದಿನಿಂದ ನಮ್ಮವರು ತಮ್ಮನ್ನು ಅತ್ತೆ ಎಂದು ಕರೆಯುತ್ತಾರೆ; ಇಷ್ಟು ಗೌರವದ ಪದವಿ ನಮ್ಮ ಕಡೆ ಬೇರೊಂದಿಲ್ಲ. ಕ್ಯಾಸಂಬಳ್ಳಿಯಿಂದ ಬಸ್ಸಿಳಿದು ಬರುವ ವರಲಕ್ಷ್ಮಮ್ಮ ದಿನಾ ಬಾಗಿಲಲ್ಲೇ ವಿಚಾರಿಸುತ್ತಾರೆ: “ಏನ್ರಮ್ಮೀ, ಅತ್ತೆ ಎದ್ದವ್ಳಾ? ಇವತ್ತು ಯಾರ್‌ನ ಇಡ್ಕಂಡವ್ಳೆ?”

ಇವತ್ತು ಸೆಲ್ವಿಯನ್ನು ಹಿಡಿದಿರಿ. ನಲವತ್ತೊಂದನೇ ಬೊಂತೆಯ ಒಳಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡು, “ಮೇಜು ಮೂರು, ಸುಟ್ಟ ಗುರುತು” ಎಂದು ಬರೆದಿರಿ. ಇನ್ನೂ ನೆಲವನ್ನೇ ಬಿಡದ ಬೊಂತೆ ಆಗಲೇ ಸುಟ್ಟಿದೆ ಎಂದು ಹೇಳುವುದಕ್ಕೆ ಎಂಥ ಮುಂದಾಲೋಚನೆ ಬೇಕು! ಒಬ್ಬರ ಹೆಸರಿನಲ್ಲಿ ಮೂರು ದೋಷವಾದರೆ ತಾವೇ ಕಾರ್ಡಿಗೆ ಬೀಗ ಹಾಕುವ ನಿಯಮವಂತೆ. ಇದು ಸೆಲ್ವಿಯ ಮೂರನೆಯದು. ಬೀಗ ಬಿದ್ದ ಕಾರ್ಡಿಗೆ ಬಾಗಿಲು ತೆರೆಯುವುದಿಲ್ಲ, ಸೋಮವಾರದಿಂದ ಆ ಮೇಜಿಗೆ ಬೇರೆಯವರು. ಈ ಕೆಲಸ ಸಿಕ್ಕ ಮೇಲೆ ಅವಳು ಬೆಂಗಳೂರಿನ ಆಫೀಸುಗಳಲ್ಲಿ ನೆಲ ಒರೆಸುವುದಕ್ಕೆ ನಸುಕಿನ ರೈಲು ಹಿಡಿಯುವುದನ್ನು ಬಿಟ್ಟಿದ್ದಳು. ಇನ್ನು ಮತ್ತೆ ಅದೇ ರೈಲು, ಅದೇ ಒರೆಸುವ ಕೋಲು.

ಅವಳು ತಮ್ಮ ಮುಂದೆಯೇ ನಿಂತು ಕೂಗಿದ್ದು ತಮಗೆ ಕೇಳಿಸಿರಲಿಕ್ಕಿಲ್ಲ, ತಮಗೆ ಕಿವಿ ಕೊಟ್ಟಿಲ್ಲ. “ಅಯ್ಯೋ ಅಕ್ಕಾ, ಇದು ಕಾಡಿಗೆ ಕಲೆ, ನಾನ್ ಕಾಡಿಗೆನೇ ಇಕ್ಕೊಳಲ್ಲ, ಕಣ್ಣೆಲ್ಲ ಉರೀತದೆ! ನನ್ ಮ್ಯಾಗೆ ಯಾಕೆ ಆಕ್ತೈತೆ ಇದು? ನೀನಾದ್ರೂ ಒಂದ್ ಮಾತ್ ಏಳಕ್ಕಾ!” ಎಂದು ನನ್ನ ಕೈ ಹಿಡಿದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಪೋಣಿಸುತ್ತಲೇ ಇದ್ದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿಗಳು. ತಾವು ದಯಮಾಡಿ ಒಂದು ಜೊತೆ ರೆಪ್ಪೆ ತರಿಸಿಕೊಂಡು ದಿನಕ್ಕೊಮ್ಮೆಯಾದರೂ ಮಿಟುಕಿಸಬೇಕು. ವಾರಕ್ಕೆ ಅರ್ಧ ದಿನ ರಜೆ ಹಾಕಿ ಯಾರದಾದರೂ ಗೃಹಪ್ರವೇಶಕ್ಕೆ ಹೋಗಿ ಪಾಯಸ ಕುಡಿದು ಬರಬೇಕು. ತಮಗೂ ಒಬ್ಬ ಅತ್ತೆಯನ್ನು ನೇಮಿಸಿಕೊಂಡು, ಸಂಜೆ ಅವರು ತಮ್ಮ ಗಾಜಿನ ಮೇಲೆ ಬೆರಳೆಳೆದು ಧೂಳು ತೋರಿಸುವಾಗ ತಲೆ ತಗ್ಗಿಸಿ ನಿಲ್ಲಬೇಕು. ಮತ್ತು ತಮ್ಮ ದೋಷಗಳ ಪಟ್ಟಿಯಲ್ಲಿ ಎಣ್ಣೆ ಕಲೆಗೂ ಇರುವೆಗೂ ನಡುವೆ ಎಲ್ಲಾದರೂ ಸ್ವಲ್ಪ ಜಾಗ ಮಾಡಿ, ದೃಷ್ಟಿ ಬೊಟ್ಟು ಎಂದು ಬರೆದುಕೊಳ್ಳಬೇಕು.

ಹೌದು, ಅದು ದೃಷ್ಟಿ ಬೊಟ್ಟು. ಇಟ್ಟವಳು ನಾನು.

ಮೊನ್ನೆ ಸೋಮವಾರ ಮಧ್ಯಾಹ್ನ ಸೆಲ್ವಿ ಅರ್ಧ ದಿನ ರಜೆ ಹಾಕಿ ಹೋದಾಗ, ಅವಳ ಮೇಜಿನಲ್ಲಿ ಉಳಿದಿದ್ದ ಕೊನೆಯ ಮೂಲೆಯನ್ನು ಮುಗಿಸಿಕೊಟ್ಟವಳು ನಾನೇ. ನಮ್ಮ ಮನೆಗಳಲ್ಲಿ ಹೊಸ ಬೊಂತೆಯನ್ನು ಚುಕ್ಕೆಯಿಲ್ಲದೆ ಹೊರಗೆ ಕಳಿಸುವ ಪದ್ಧತಿಯಿಲ್ಲ. ಅಷ್ಟು ಬೆಳ್ಳಗೆ, ಅಷ್ಟು ಚೆನ್ನಾಗಿ ಬಂದಿತ್ತು. ಅದನ್ನು ಹೊದ್ದು ಯಾರ ಮನೆಯ ಮಕ್ಕಳೋ ಬೆಂಕಿಯೊಳಗಿಂದ ಬರಬೇಕು. ಕೈಗವಸು ತೆಗೆದೆ, ಕಣ್ಣಂಚಿನ ಕಾಡಿಗೆಯನ್ನು ಬೆರಳ ತುದಿಗೆ ತಗೊಂಡೆ, ಒತ್ತಿದೆ. ಕೈಗವಸು ತೆಗೆದದ್ದು ಇನ್ನೊಂದು ದೋಷ; ಅದನ್ನು ತಾವು ಕಾಣಲಿಲ್ಲ, ನಾನೇ ಹೇಳುತ್ತಿದ್ದೇನೆ.

ನನ್ನ ಯಜಮಾನರು ಆರುಮುಗಂ ಚಿನ್ನದ ಗಣಿಯಲ್ಲಿದ್ದರು. ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತಂತೆ. ಪ್ರತಿ ಪಾಳಿಗೂ ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು ಕಳಿಸುತ್ತಿದ್ದೆ. “ಏನಮ್ಮೀ, ಬಂಡೆಗೂ ನನ್ ಮ್ಯಾಲೆ ಕಣ್ಣಾ?” ಎಂದು ನಗುತ್ತಿದ್ದರು, ತಲೆ ಮಾತ್ರ ಬಗ್ಗಿಸಿ ಕೊಡುತ್ತಿದ್ದರು. ಪ್ರತಿ ಪಾಳಿಯಿಂದಲೂ ಬಂದರು. ಗಣಿ ಮುಚ್ಚಿತು, ನಾನೂ ಬೊಟ್ಟು ಬಿಟ್ಟೆ. ಹೋದ ಆಷಾಢದಲ್ಲಿ ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದವರು ಹಾಗೆಯೇ ಹೋದರು. ಇದು ತಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ. ಕಡತಕ್ಕೆ ಸೇರಿಸಬೇಕಾಗಿಲ್ಲ.

ಇಷ್ಟು ಬರೆದ ಮೇಲೆ ತಮ್ಮದೇ ತಪ್ಪೆಂದು ಸಾಧಿಸಬೇಕೆಂದು ಆಸೆಯಿತ್ತು. ಆದರೆ ತಮಗೆ ಪಾಠ ಹೇಳಿಕೊಡುವ ಎಂಜಿನಿಯರ್ ಲಿಖಿತ ಮೇಡಂ ಇವತ್ತು ನಾಲ್ಕು ಗಂಟೆಗೆ ಆ ಮೂಲೆಯನ್ನು ಕತ್ತರಿಸಿ ಕುಲುಮೆಯಲ್ಲಿಟ್ಟು ತೆಗೆದು ನಮಗೆಲ್ಲ ತೋರಿಸಿದರು. ಚುಕ್ಕೆಯ ಸುತ್ತ ಬಟ್ಟೆ ಪೆಡಸಾಗಿ ಹಪ್ಪಳದ ಹಾಗೆ ಮುರಿಯಿತು. “ನೋಡಿ ಅಕ್ಕಾ, ಒಂಚೂರು ಎಣ್ಣೆ, ಒಂಚೂರು ಮಸಿ, ಅಷ್ಟೇ ಸಾಕು. ಅಲ್ಲಿಂದ್ಲೇ ಕಾವು ಒಳಗೆ ಹೋಗೋದು” ಎಂದರು. ಕಾಪಾಡಲೆಂದು ಬೊಟ್ಟು ಇಟ್ಟ ಜಾಗದಲ್ಲೇ ಬಟ್ಟೆ ಹರಿಯುತ್ತಿತ್ತು. ಮಾನ್ಯರೇ, ತಾವು ಕಂಡದ್ದು ಸರಿ. ಬರೆದ ಹೆಸರು ತಪ್ಪು.

ಆದ್ದರಿಂದ ಮೇಲಿನ ವಿನಂತಿಗಳನ್ನೆಲ್ಲ ಹಿಂತೆಗೆದುಕೊಂಡು ಒಂದನ್ನೇ ಉಳಿಸುತ್ತೇನೆ. ಸೆಲ್ವಿಯ ಲೆಕ್ಕದಿಂದ ಆ ದೋಷವನ್ನು ಇಳಿಸಿ ನನ್ನ ಲೆಕ್ಕಕ್ಕೆ ಏರಿಸಬೇಕು, ಕೈಗವಸಿನದನ್ನೂ ಸೇರಿಸಬೇಕು. ನನ್ನ ಹೆಸರಿನಲ್ಲಿ ಈಗಾಗಲೇ ಒಂದಿದೆ. ಒಟ್ಟು ಮೂರಾಗುತ್ತದೆ ಎನ್ನುವುದನ್ನು ತಮಗಿಂತ ಮೊದಲು ನಾನೇ ಕೂಡಿ ನೋಡಿದ್ದೇನೆ.

ಇಂತಿ, ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಇಂದಿನಿಂದ ಮನೆಗಷ್ಟೇ ಇಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ಕದಿರಮ್ಮ

ಮರೆತ ಮಾತು: ಈ ಪತ್ರವನ್ನು ತಮ್ಮ ಕಣ್ಣಿನ ಕೆಳಗೇ ಇಡೋಣವೆಂದಿದ್ದೆ. ಆದರೆ ತಾವು ಮಡಿಕೆಗಳನ್ನು ಎಣಿಸಿ ಕಾಗದವನ್ನು ತಿರಸ್ಕರಿಸುವಿರಿ, ಓದುವುದಿಲ್ಲ. ಓದಲು ಬರುವವರ ಕೈಗೇ ಕೊಡುತ್ತೇನೆ. ಲಿಖಿತ ಮೇಡಂ ನಾಳೆ ಒಂಬತ್ತೂಕಾಲಿಗೆ ಬರುತ್ತಾರೆ.