ಭಾವ ಕಾರಿಗೆ ಮೇಣ ಹಚ್ಚಿದ್ದು

ನೀವು ನಂಬುವುದಿಲ್ಲ ಬಿಡಿ. ನಂಬಿದರೆ ಈ ಬಿಳಿ ಮೀಸೆಯನ್ನು ಬೋಳಿಸಿಬಿಡುತ್ತೇನೆ! ಜನಕಪುರಿಯಲ್ಲಿರುವ ನಮ್ಮ ಭಾವ ತಮ್ಮ ಕಾರನ್ನು ಮುಟ್ಟುವ ಮುಂಚೆ ಅದರ ಅಪ್ಪಣೆ ಕೇಳುತ್ತಾರೆ.

ಭಾವ ಹೆದರದಿರುವ ವಸ್ತು ದಿಲ್ಲಿಯಲ್ಲಿ ಇನ್ನೂ ತಯಾರಾಗಿಲ್ಲ. ಲಿಫ್ಟಿಗೆ ಹೆದರುತ್ತಾರೆ, ಕೋತಿಗೆ ಹೆದರುತ್ತಾರೆ. ಫೋನು ಬಂದರೆ ಹೆದರುತ್ತಾರೆ, ಬರದಿದ್ದರೆ ಇನ್ನೂ ಹೆದರುತ್ತಾರೆ. ಧೈರ್ಯವೇನಿದ್ದರೂ ನಮ್ಮ ವಂಶದ್ದು. ಅಂದರೆ ಅಕ್ಕನದು, ನನ್ನದು. ದೊಡ್ಡ ಪಾಲು ನನ್ನದೇ!

ಆ ಅಕ್ಕನಿಗೆ ಸೋಮವಾರ ಹೃದಯದ ಆಪರೇಷನ್ ಅಂತ ಗೊತ್ತಾಗಿ ಶನಿವಾರವೇ ನೋಯ್ಡಾದಿಂದ ಓಡಿಬಂದೆ. ನೋಡಿದರೆ ಭಾವ ಬೇವಿನ ಮರದ ನೆರಳಲ್ಲಿ ಎರಡು ಬಕೆಟ್ ಇಟ್ಟುಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ಕಾರಿಗೆ ಸ್ನಾನ ಮಾಡಿಸುತ್ತಿದ್ದಾರೆ!

"ಏನ್ ಭಾವ ಇದು? ಒರೆಸೋಕೆ ಭಯ್ಯಾ ಬರ್ತಾನಲ್ಲ?"

"ಅವನ ಬಟ್ಟೇಲಿ ಬರೀ ಮರಳು ಕಣೋ. ಗೀರು ಬಿದ್ರೆ? ಒಂದು ಬಕೆಟ್ ಶಾಂಪೂಗೆ, ಇನ್ನೊಂದು ಬಟ್ಟೆ ಜಾಲಿಸೋಕೆ. ಒಣಗಿದ್ಮೇಲೆ ಮೇಣ. ಸೋಮವಾರ ಅವಳು ಇದರಲ್ಲೇ ಹೋಗ್ಬೇಕು. ಎಲ್ಲಾ ಸರಿಯಾಗಿರ್ಬೇಕು."

ಆಪರೇಷನ್ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಗೀರು, ಗೀರು, ಅದೇ ಜಪ. ಡಾಕ್ಟರು ಅಕ್ಕನ ಎದೆಯ ಮೇಲೆ ಎಳೆಯಲಿದ್ದ ಗೀರಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಸುಮ್ಮನಿರುವುದು ನನ್ನ ಜಾಯಮಾನವೇ? ಭಾವ ನೀರು ತರಲು ಹೋದಾಗ ಅಕ್ಕನ ಬಾಚಣಿಗೆಯಿಂದ ಒಂದು ಉದ್ದನೆಯ ಕೂದಲು ತಂದು ಒದ್ದೆ ಬಾಗಿಲಿಗೆ ಅಂಟಿಸಿದೆ. ಭಾವ "ಅಯ್ಯೋ ಗೀರು!" ಎಂದವರೇ ಬಕೆಟ್ ಕೈಬಿಟ್ಟರು. ಆಮೇಲೆ ಕೂದಲನ್ನು ಬಿಡಿಸಿ ನೋಡಿದರು. ಬಯ್ಯಲಿಲ್ಲ. ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೀಟಲೆ ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಮೇಣ ಹಿಂಡುವ ಕೆಲಸ ನಾನೇ ವಹಿಸಿಕೊಂಡೆ. ಬಾನೆಟ್ ಮೇಲೆ ಧಾರಾಳವಾಗಿ ಹಿಂಡಿದ್ದೇ ತಡ, ಭಾವ ಕಿರುಚಿದರು: "ತೆಳ್ಳಗೆ ಕಣೋ! ಸಾಕು! ಸಾಕು!"

ಗೇಟಿನ ಗಾರ್ಡ್ ಲಾಠಿ ಎತ್ತಿಕೊಂಡು ಓಡಿಬಂದ. "ಚಾಕೂ? ಚಾಕೂ ಕಿಸ್ಕೆ ಪಾಸ್ ಹೈ?" ಚಾಕು ಯಾರ ಹತ್ತಿರ ಇದೆ ಅಂತ! ಹಿಂದೆಯೇ ತರಕಾರಿ ಭಯ್ಯಾ, ಕೈಯಲ್ಲಿ ಸೋರೆಕಾಯಿ! ಮೇಣದ ಟ್ಯೂಬ್ ಹಿಡಿದೇ ಎರಡೂ ಕೈ ಮೇಲೆತ್ತಿದೆ.

"ನಿಮ್ಮ ಕನ್ನಡದಿಂದ ಇವತ್ತು ನನ್ನ ಪ್ರಾಣ ಹೋಗ್ತಿತ್ತು ಭಾವ!"

"ಪ್ರಾಣದ ಮಾತು ಬೇಡ ಕಣೋ," ಎಂದರು.

ಗಲಾಟೆ ಕೇಳಿ ಅಕ್ಕ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಧಾನಕ್ಕೆ ಇಳಿದು ಬಂದಳು. ಅಷ್ಟರಲ್ಲಿ ಮೇಣ ಒಣಗಿ ಬಾನೆಟ್ ಬೆಳ್ಳಗಾಗಿತ್ತು.

"ಬೆರಳಲ್ಲಿ ಎಳೆದು ನೋಡ್ಬೇಕಂತೆ. ಕೆಳಗೆ ಹೊಳಪು ಕಂಡ್ರೆ ಒರೆಸಬಹುದಂತೆ," ಎಂದರು ಭಾವ. ಎಳೆಯಲು ಮಾತ್ರ ಬೆರಳು ಏಳಲಿಲ್ಲ. ಉಗುರು ತಾಗಿಬಿಟ್ಟರೆ?

"ಸರೀರಿ ಆಚೆ," ಎಂದಳು ಅಕ್ಕ. ತೋರುಬೆರಳಿನಿಂದ ಆ ಬಿಳುಪಿನ ಮೇಲೆ ಒಂದು ಪದ ಬರೆದಳು: ಬರ್ತೀನಿ.

ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲವಲ್ಲ!

ಭಾವ ಇಡೀ ಕಾರನ್ನು ಕನ್ನಡಿಯಂತೆ ಉಜ್ಜಿದರು. ಆ ಗೇಣಗಲ ಜಾಗವನ್ನು ಬಿಟ್ಟು. ಸೋಮವಾರ ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ಕಾರು ಗೇಟು ದಾಟಿತು. "ಅಂಕಲ್ ಜೀ, ಕ್ಯಾ ಲಿಖಾ ಹೈ?" ಎಂದು, ಬಾನೆಟ್ ಮೇಲೆ ಬರೆದಿರುವುದೇನೆಂದು, ಗೇಟಿನಲ್ಲೇ ನಿಂತಿದ್ದ ನನ್ನನ್ನು ಗಾರ್ಡ್ ಕೇಳಿದ. "ಕಂಪನಿ ಕಾ ನಾಮ್," ಎಂದು ಬಿಟ್ಟೆ ಒಂದು ಬುರುಡೆ! ಅವನು ತಲೆಯಾಡಿಸಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬರೆದಂತೆ ಅಕ್ಕ ಅದೇ ಕಾರಿನಲ್ಲಿ ವಾಪಸ್ ಬಂದಳು. ಮೇಣ ಬಿಸಿಲಿಗೆ ಗಟ್ಟಿಯಾಗಿ ಕೂತಿದೆ. "ಒರೆಸ್ರೀ, ಕಾಲೋನಿಯವರು ನಗ್ತಾರೆ," ಎಂದು ಅಕ್ಕ ದಿನಾ ಬಯ್ಯುತ್ತಾಳೆ. "ಗೀರು ಬೀಳುತ್ತೆ ಕಣೇ," ಎನ್ನುತ್ತಾರೆ ಭಾವ.

ಸರಿ, ಒಪ್ಪಿಕೊಳ್ಳುತ್ತೇನೆ. ಇಷ್ಟರಲ್ಲಿ ಕಟ್ಟಿದ ಮಾತು ಒಂದೇ ಒಂದಿದೆ. ಗೇಟಿನ ಹತ್ತಿರ ನಾನು ನಕ್ಕೆ ಅಂದೆನಲ್ಲ, ಅದು.