ಐವರಿ ಗೋಡೆಯ ಯಜಮಾನ

ಎಲ್ಲಕ್ಕೂ ಕಾರಣ ಕಮ್ಮನಹಳ್ಳಿಯ ಕೆಂಪರಾಜನ ಮನೆಯ ಒಂದೇ ಒಂದು ಗೋಡೆ. ಸಂಜೆ ಮಗಳು ಭವ್ಯಳಿಗೆ ಹೂ ಮುಡಿಸುವ ಶಾಸ್ತ್ರ. ಅವಳನ್ನು ಕೂರಿಸುವ ಹಾಲಿನ ಗೋಡೆಗೆ ಅಷ್ಟರೊಳಗೆ ಬಣ್ಣ ಆಗಬೇಕು. ಬೆಳಿಗ್ಗೆಯೇ ಶಿವಾಜಿನಗರದಿಂದ ಬಂದ ಪೇಂಟರ್ ಗಯಾಜ್ ಎರಡು ಪಟ್ಟೆ ಎಳೆದು ತೋರಿಸಿದ. ಒಂದು ಐವರಿ, ಇನ್ನೊಂದು ಕ್ರೀಮ್.

"ಐವರಿ," ಎಂದ ಕೆಂಪರಾಜ.

"ಕ್ರೀಮು," ಎಂದಳು ಹೆಂಡತಿ ಹಂಸ.

ಎರಡಕ್ಕೂ ಇದ್ದ ವ್ಯತ್ಯಾಸ ಒಂದು ಚಮಚ ಹಾಲಿನಷ್ಟು. ಆದರೆ ಮನೆಯ ಸೋಫಾ, ಗೇಟು, ಕೊನೆಗೆ ಮಗಳ ಹೆಸರು ಕೂಡ ಹಂಸಳ ಆಯ್ಕೆಯೇ. ಒಂದು ಗೋಡೆಯ ಮಟ್ಟಿಗಾದರೂ ಗಂಡಸಿನ ಮಾತು ನಡೆಯಬೇಡವೇ? ಇದ್ಯಾವ ನ್ಯಾಯ?

"ಈ ಮನೆ ಯಜಮಾನ ನಾನಾ, ಇಲ್ಲಾ ಆ ಪೇಂಟ್ ಡಬ್ಬಾನಾ?" ಎಂದು ಕೆಂಪರಾಜ ಗುಡುಗಿದ.

ಗುಡುಗು ಕೇಳಿದ್ದೇ ತಡ, ಪಕ್ಕದ ಮನೆಯ ಮುನಿರಾಜಪ್ಪ ಕಾಫಿ ಲೋಟದ ಸಮೇತ ಹಾಜರಾದ. ಇವನನ್ನು ಕರೆದವರು ಯಾರು?

"ಐವರಿ ಆಸ್ಪತ್ರೆ ಥರಾ ಕಾಣ್ತದೆ ಕಣಯ್ಯ. ಕ್ರೀಮಾದ್ರೆ ಧೂಳು ಗೊತ್ತಾಗಲ್ಲ."

"ನಿಮ್ಮನೆ ಗೋಡೇಗೆ ಧೂಳೇ ಬಣ್ಣ! ನನ್ನ ಗೋಡೆ ತಂಟೆಗೆ ಬರಬೇಡಿ."

ಕೆಂಪರಾಜನ ತಾಯಿ ಮಾರಕ್ಕ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಎರಡೂ ಸಪ್ಪೆ. ಅರಿಶಿನದ ಬಣ್ಣ ಬಳೀರಿ."

"ಸಾಬ್, ಜಲ್ದಿ ಹೇಳಿ. ಒಣಗಬೇಕಲ್ಲಾ," ಎಂದು ಗಯಾಜ್ ಗೋಗರೆದ.

ಕೆಂಪರಾಜ ಗೋಡೆಗೇ ಬೆನ್ನು ಕೊಟ್ಟು ಧರಣಿ ಕೂತ. ಊಟಕ್ಕೂ ಏಳಲಿಲ್ಲ. ಕೊನೆಗೆ ಹಂಸ, "ಅವರಿಗೆ ಬೇಕಾದ್ದೇ ಬಳಿಯಪ್ಪ ಗಯಾಜ್. ನಂಗೆ ಕೆಲಸ ಇದೆ," ಎಂದಾಗ ಗೆದ್ದವನಂತೆ ಎದ್ದ. ಅಂಗಿಯ ಬೆನ್ನಿಗೆ ಎರಡೂ ಪಟ್ಟೆ ಅಚ್ಚೊತ್ತಿದ್ದವು. ಆದರೇನಂತೆ, ಗೋಡೆ ಐವರಿಯಾಯಿತು!

ಬೀಗರ ವ್ಯಾನು ಬಂದಾಗ ಗೋಡೆ ಇನ್ನೂ ಹಸಿ. "ಅಯ್ಯೋ, ರೇಷ್ಮೆ ಸೀರೆಗೆ ಮೆತ್ಕೊಂಡ್ರೆ ಏನ್ ಗತಿ!" ಎಂದು ಮಾರಕ್ಕ ಬಾಯಿ ಬಡಿದುಕೊಂಡಳು.

ಹಂಸ ಬೀರುವಿನಿಂದ ಮಂಚದ ದೊಡ್ಡ ಹೊದಿಕೆ ತಂದಳು. ಗಯಾಜ್ ಗೋಡೆಯಿಂದ ಗೇಣು ದೂರಕ್ಕೆ ಹಗ್ಗ ಕಟ್ಟಿ ಅದನ್ನು ಪರದೆಯಂತೆ ಇಳಿಬಿಟ್ಟ. ಗೋಡೆ ಪೂರ್ತಿ ಮುಚ್ಚಿಹೋಯಿತು. ಹೊದಿಕೆಯದು ಅಪ್ಪಟ ಕ್ರೀಮ್ ಬಣ್ಣ.

ಅದರ ಮುಂದೆಯೇ ಭವ್ಯ ಹೂ ಮುಡಿದಳು. ಅದರ ಮುಂದೆಯೇ ಫೋಟೋಗಳೆಲ್ಲ ಆದವು.

ಬೀಗರು ಮೈಸೂರುಪಾಕು ಮುರಿಯುತ್ತಾ ಪರದೆಯತ್ತ ತಲೆದೂಗಿದರು. "ಬಣ್ಣ ಬಲು ಚೆನ್ನಾಗೈತೆ. ಯಾರ ಸೆಲೆಕ್ಷನ್ನು?"

ಕೆಂಪರಾಜ ಬಾಯಿ ತೆರೆಯುವಷ್ಟರಲ್ಲಿ ಹಂಸ ಸೆರಗು ಸರಿಮಾಡಿಕೊಂಡು ಹೇಳಿದಳು:

"ನಮ್ಮೆಜಮಾನ್ರದೇ. ಈ ಮನೇಲಿ ಅವರ ಮಾತೇ ನಡೆಯೋದು."