ಆಪದ್ಬಾಂಧವರಿಗೆ ಒಂದು ಟ್ರಂಕ್ ಕಾಲ್

ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ವ್ಯಾಪಾರಿ ಉಜ್ಜನಪ್ಪನವರಿಗೆ ಹೆಂಡತಿಯ ಮೇಲಿದ್ದ ದೊಡ್ಡ ಅಸಮಾಧಾನವೆಂದರೆ, ಅವರು ಕೊಂಡ ಹಳೇ ಕಾರನ್ನು ದಾಕ್ಷಾಯಣಮ್ಮ ಕಾಯಿಲೆ ಬಿದ್ದ ನೆಂಟರಂತೆ ವಿಚಾರಿಸುತ್ತಿದ್ದುದು. “ಈವತ್ತು ಹೇಗಿದೆ? ಎದ್ದಿದೆಯಾ?” ಎಂದು ಬೆಳಿಗ್ಗೆ ಕಾಫಿಯ ಜೊತೆಗೇ ಕೇಳುವರು.

ಈ ಅವಮಾನ ತಾಳಲಾರದೆ ಉಜ್ಜನಪ್ಪನವರು ಬೆಂಗಳೂರಿನ ‘ಅಖಿಲ ಮೈಸೂರು ಮೋಟಾರು ಸಾರಥಿಗಳ ಆಪದ್ಬಾಂಧವ ಸಂಘ’ಕ್ಕೆ ಸದಸ್ಯರಾದರು. ದಾರಿಯಲ್ಲಿ ಕಾರು ಕೆಟ್ಟರೆ ಒಂದು ಫೋನ್ ಸಾಕು, ಎಲ್ಲಿದ್ದರೂ ಸಹಾಯ ಓಡಿ ಬರುತ್ತದೆ. (ಮೊಸಳೆ ಕಾಲು ಹಿಡಿದಾಗ ಗಜೇಂದ್ರನ ಹತ್ತಿರ ಫೋನ್ ಕೂಡ ಇರಲಿಲ್ಲ, ಆದರೂ ಬಂತಲ್ಲ, ಎಂಬುದು ಅವರ ವಾದ.)

ಆ ದಿನ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಭದ್ರಾವತಿಗೆ ಹೊರಟರು. ದಾಕ್ಷಾಯಣಮ್ಮನ ತಮ್ಮ ಓಂಕಾರಪ್ಪನ ಮಗಳನ್ನು ನೋಡಲು ತರೀಕೆರೆಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದಿದ್ದ ಸಂಬಂಧ ಮಾತು ಬಲ್ಲವರಿಲ್ಲದೆ ಮುರಿದಿತ್ತು. “ಈ ಸಲ ಭಾವನೇ ಮುಂದೆ ನಿಂತು ಮಾತಾಡ್ಬೇಕು” ಎಂದು ಓಂಕಾರಪ್ಪ ಹೇಳಿ ಕಳಿಸಿದ್ದ.

ಮಾಚೇನಹಳ್ಳಿ ಹತ್ತಿರ ಕಾರು ಒಮ್ಮೆ ಕೆಮ್ಮಿತು, ಒಮ್ಮೆ ನಡುಗಿತು, ನಿಂತಿತು.

“ಹೋಯ್ತಾ?” ಎಂದರು ದಾಕ್ಷಾಯಣಮ್ಮ.

“ಅಪಶಕುನ ನುಡೀಬೇಡ ಮಾರಾಯ್ತಿ! ಸಂಘ ಇದೆ.”

“ಸಂಘ ಸಂಘ ಅಂತೀರಿ. ನಿಮ್ಮ ಸಂಗ ಮಾಡಿದ್ದಕ್ಕೇ ನಾನು ರೇಷ್ಮೆ ಸೀರೆ ಉಟ್ಕೊಂಡು ರಸ್ತೇಲಿ ಕೂತಿರೋದು. ಅಗೋ, ಎತ್ತಿನ ಗಾಡಿ ಬರ್ತಿದೆ, ಹತ್ತೋಣ.”

“ಕಾರಿನ ಮಾಲೀಕ ಗಾಡೀಲಿ ಬಂದು ಇಳಿದ್ರೆ ಗಂಡಿನವರು ಏನಂತಾರೆ?”

ಹತ್ತಿರದ ಅಕ್ಕಿ ಗಿರಣಿಯಲ್ಲಿ ಫೋನ್ ಇತ್ತು. ಉಜ್ಜನಪ್ಪನವರು ಟ್ರಂಕ್ ಕಾಲ್ ಬುಕ್ ಮಾಡಿ, ತೌಡಿನ ಮೂಟೆಯ ಮೇಲೆ ಕೂತು ಕಾದರು. ಲೈನು ಸಿಕ್ಕುವ ಹೊತ್ತಿಗೆ ಅವರ ಕರೀ ಕೋಟು ಬೂದಿ ಬಣ್ಣಕ್ಕೆ ತಿರುಗಿತ್ತು.

“ನಾನು ಸದಸ್ಯ! ಕಾರು ನಿಂತಿದೆ!” ಎಂದು ಗಿರಣಿಯ ಸದ್ದಿನ ಮೇಲೆ ಕಿರುಚಿದರು.

“ಬಹಳ ಸಂತೋಷ ಸಾರ್,” ಎಂದ ಸಂಘದ ಗುಮಾಸ್ತ. “ಎಲ್ಲಿ?”

“ಶಿವಮೊಗ್ಗ ಭದ್ರಾವತಿ ಮಧ್ಯೆ!”

“ಯೋಚನೆ ಬಿಡಿ. ಆ ಸೀಮೆಗೆ ನಮ್ಮ ಪ್ರತಿನಿಧಿ ಇದ್ದಾರೆ. ಬಹಳ ಹುರುಪಿನ ಮನುಷ್ಯ. ಗಾಂಧಿ ಬಜಾರಿನ ಉಜ್ಜನಪ್ಪ ಅಂತ. ಅವರಿಗೇ ಫೋನ್ ಮಾಡಿ.”

ಉಜ್ಜನಪ್ಪನವರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಹಿಂದೊಮ್ಮೆ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ಅಕ್ಕಿ ರೊಟ್ಟಿ ತಿಂದು, “ಈ ಕಡೆಗೆ ನಮ್ಮ ಗೌರವ ಪ್ರತಿನಿಧಿ ನೀವೇ ಆಗ್ಬೇಕು” ಎಂದದ್ದು ನೆನಪಾಯಿತು. ಗೌರವ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಒಪ್ಪಿದ್ದರು. ಹಾರ ಹಾಕಿಸಿಕೊಳ್ಳುವ ಕೆಲಸ ಎಂದುಕೊಂಡಿದ್ದರು.

“ನಾನೇ ರೀ ಆ ಉಜ್ಜನಪ್ಪ!”

“ಅಯ್ಯೋ, ಸಿಕ್ಕಿದ್ರಲ್ಲ ಸಾರ್! ಬೆಳಿಗ್ಗೆಯಿಂದ ನಿಮ್ಮ ಅಂಗಡಿಗೆ ಫೋನ್ ಮಾಡ್ತಿದ್ದೀನಿ. ಭದ್ರಾ ಸೇತುವೆ ಹತ್ರ ಇನ್ನೊಬ್ಬ ಸದಸ್ಯರ ಕಾರು ನಿಂತಿದೆ, ಬಹಳ ಸಿಟ್ಟಾಗಿದ್ದಾರೆ. ಹೇಗೂ ಆ ಕಡೆ ಹೊರಟಿದ್ದೀರಿ, ಸ್ವಲ್ಪ...” ಲೈನು ಕಡಿಯಿತು.

ಹೊರಗೆ ಬಂದಾಗ ದಾಕ್ಷಾಯಣಮ್ಮ ಗಾಡಿ ನಿಲ್ಲಿಸಿಕೊಂಡು, ಅದರೊಳಗಿನ ಹುಲ್ಲಿನ ಮೇಲೆ ಹತ್ತಿ ಕೂತೇ ಇದ್ದರು. “ಏನಂದ್ರು?”

“ಜನ ಕಳಿಸ್ತಾರಂತೆ,” ಎಂದು ಗೊಣಗಿ ಉಜ್ಜನಪ್ಪನವರು ಗಾಡಿ ಹತ್ತಿದರು. (ಅದು ಪೂರ್ತಿ ಸುಳ್ಳೂ ಅಲ್ಲ.)

ಭದ್ರಾವತಿಯ ನ್ಯೂ ಟೌನಿನಲ್ಲಿ ಓಂಕಾರಪ್ಪನ ಮನೆಗೆ ಗಂಡಿನವರು ಆಗಷ್ಟೇ ಬಾಡಿಗೆ ಜಟಕಾದಲ್ಲಿ ಬಂದು ಇಳಿದಿದ್ದರು. ಗಂಡಿನ ತಂದೆ ಶಿವಮೂರ್ತಪ್ಪನವರ ಮುಖ ಕೆಂಡವಾಗಿತ್ತು.

“ನಮ್ಮ ಕಾರು ಸೇತುವೆ ಹತ್ರ ಕೆಟ್ಟು ನಿಂತಿದೆ. ಸಂಘ ಅಂತ ಒಂದಕ್ಕೆ ಸೇರಿದ್ದೆ. ಶಿವಮೊಗ್ಗದಲ್ಲಿ ಯಾವನೋ ಪ್ರತಿನಿಧಿ ಇದ್ದಾನಂತೆ, ಬಿಸಿಲಲ್ಲಿ ಕಾದಿದ್ದೇ ಬಂತು!”

“ಅಂಥವ್ರನ್ನ ಸುಮ್ನೆ ಬಿಡಬಾರ್ದು ಸ್ವಾಮಿ,” ಎಂದರು ಉಜ್ಜನಪ್ಪನವರು, ಎಲ್ಲರಿಗಿಂತ ಹೆಚ್ಚು ಸಿಟ್ಟಿನಿಂದ.

“ನೀವೂ ಶಿವಮೊಗ್ಗದೋರಲ್ವಾ? ಉಜ್ಜನಪ್ಪ ಅಂತೆ. ಗೊತ್ತಾ?”

“ಶಿವಮೊಗ್ಗ ಈಗ ಬಹಳ ಬೆಳೆದಿದೆ ನೋಡಿ...”

ಅಷ್ಟರಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಓಂಕಾರಪ್ಪ ಒಳಗಿಂದ ಬಂದ. “ಪರಿಚಯ ಆಯ್ತಾ? ಇವ್ರು ನಮ್ಮ ಭಾವ ಉಜ್ಜನಪ್ಪನವ್ರು. ಅದೇನೋ ಮೋಟಾರು ಸಂಘಕ್ಕೂ ನಮ್ಮ ಸೀಮೆಗೆಲ್ಲ ಇವ್ರೇ ದೊಡ್ಡೋರು!”

ಬಾಗಿಲ ಹಿಂದೆ ದಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಓಂಕಾರಪ್ಪನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಶಿವಮೂರ್ತಪ್ಪನವರು ಉಜ್ಜನಪ್ಪನವರನ್ನು ಪೇಟದಿಂದ ಪಾದದವರೆಗೆ ನೋಡಿದರು.

“ಹುಡುಗಿಯನ್ನ ಆಮೇಲೆ ನೋಡೋಣ,” ಎಂದು ಎದ್ದರು. “ಮೊದಲು ಹೆಣ್ಣಿನ ಕಡೆ ಹಿರಿಯರನ್ನ ನೋಡೋಣ. ನಡೀರಿ ಸೇತುವೆಗೆ.”

ಸಂಬಂಧವೇನೋ ಕುದುರಿತು. ಆದರೆ ಅದಕ್ಕೂ ಮೊದಲು ಭದ್ರಾ ಸೇತುವೆಯ ಮೇಲೆ ಜರಿ ಪಂಚೆಯ ಉಜ್ಜನಪ್ಪನವರು, ನಡುಬಿಸಿಲಲ್ಲಿ, ಬೀಗರಾಗುವವರ ಕಾರನ್ನು ಹಿಂದಿನಿಂದ ತಳ್ಳಬೇಕಾಯಿತು. ಗಂಡಿನ ತಾಯಿ ಬಲವಂತ ಮಾಡಿದರೆಂದು ದಾಕ್ಷಾಯಣಮ್ಮ ಒಳಗೆ, ಮೆತ್ತನೆಯ ಸೀಟಿನಲ್ಲಿ ಕೂತಿದ್ದರು. ಕಾರು ಇನ್ನೇನು ಗುರುಗುಟ್ಟಬೇಕು ಎನ್ನುವಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಸ್ವಲ್ಪ ಜೋರಾಗಿ ತಳ್ಳಿ, ಆಪದ್ಬಾಂಧವ್ರೇ! ಮಾಚೇನಹಳ್ಳೀಲಿ ಇನ್ನೊಬ್ಬ ಸದಸ್ಯರ ಕಾರು ಕಾಯ್ತಿದೆ!”